ತಿಂಡಿ ತಿಂದ ಮೇಲೆ, ಮರೆಯಬೇಡ

ಆ ಡಬ್ಬಿ ರತನ್‌ನ ರೈನ್‌ಕೋಟಿನ ಜೇಬಿನಿಂದ ಬೀಳದೇ ಇದ್ದಿದ್ದರೆ, ಹೊಟ್ಟೆಕಿಚ್ಚು ಎಂದರೆ ಏನು ಎಂದು ಧನ್ಯಶ್ರೀಗೆ ಸರಿಯಾಗಿ ಗೊತ್ತಾಗುತ್ತಲೇ ಇರಲಿಲ್ಲ.

ಜೂನ್ ಹದಿನೆಂಟು. ಮಳೆ ಬೆಳಿಗ್ಗೆಯಿಂದ ಬಿಟ್ಟಿರಲಿಲ್ಲ. ತೆಕ್ಕಟ್ಟೆಯ ಹೈವೇ ಬದಿಯ ಮೆಡಿಕಲ್ ಶಾಪಿನ ಮುಂದೆ ಬೈಕ್ ನಿಲ್ಲಿಸಿದ ರತನ್, ತೊಯ್ದ ರೈನ್‌ಕೋಟನ್ನು ಕೌಂಟರಿನ ಒಳಗಿನ ಮೊಳೆಗೆ ಸಿಕ್ಕಿಸಿ, "ಎರಡ್ ಚಾ ತತ್ತೆ, ಇಲ್ಲೇ ಇರ್" ಎಂದು ಪಕ್ಕದ ಹೋಟೆಲಿಗೆ ಓಡಿದ. ಎಲ್ಲಿಗೆ ಹೋಗಲಿ ಅವಳು? ಡಿ.ಫಾರ್ಮ ಮುಗಿಸಿದ ಮೇಲೆ ಐದು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತವಳು.

ರೈನ್‌ಕೋಟಿನಿಂದ ನೀರು ತೊಟ್ಟಿಕ್ಕಿತು, ಹಿಂದೆಯೇ ಡಬ್ಬಿಯೂ ಬಿತ್ತು. ವಾರದ ಏಳು ದಿನಕ್ಕೆ ಏಳು ಖಾನೆಯ ಮಾತ್ರೆ ಡಬ್ಬಿ. ಇಂಥದ್ದನ್ನು ಅವಳೇ ತಿಂಗಳಿಗೆ ಹತ್ತು ಮಾರುತ್ತಾಳೆ, ಎಪ್ಪತ್ತು ದಾಟಿದವರಿಗೆ. ಜ್ವರ ಬಂದರೂ ಮಾತ್ರೆ ಬೇಡ ಎನ್ನುವ ಮೂವತ್ತರ ಗಂಡಸಿಗೆ ಇದು ಯಾಕೆ?

ಒಳಗೆ ನೀಲಿ ಬಿಳಿ ಕ್ಯಾಪ್ಸೂಲ್‌ಗಳು. ಸ್ಟ್ರಿಪ್ಪಿಲ್ಲ, ಹೆಸರಿಲ್ಲ. ಮುಚ್ಚಳದ ಮೇಲೆ ಸೆಲೋಟೇಪಿನಲ್ಲಿ ಅಂಟಿಸಿದ ಒಂದು ಚೀಟಿ. "ಬೆಳಿಗ್ಗೆ ತಿಂಡಿ ತಿಂದ ಮೇಲೆ. ಮರೆಯಬೇಡ." ಅಡಿಯಲ್ಲಿ ಇನ್ನೊಂದು ಚೀಟಿ. "ಇವತ್ತು ಒಂದೇ ದಿನ."

ರತನ್‌ನ ಅಕ್ಷರ ಅವಳಿಗೆ ಗೊತ್ತು. ಅವನು ಬರೆದರೆ ಏಡಿ ಮರಳಿನ ಮೇಲೆ ಓಡಿದ ಹಾಗೆ. ಇದು ದುಂಡಗೆ, ಸಾವಧಾನವಾಗಿ, ಮುದ್ದು ಮಾಡಿ ಬರೆದ ಅಕ್ಷರ. ಅದರಲ್ಲೂ ಆ 'ಳಿ'ಗೆ ಕೆಳಗೊಂದು ಕೊಂಕಿದ ಬಾಲ ಬೇರೆ. ಎಷ್ಟು ಒನಪು ಅಂತ ಧನ್ಯಶ್ರೀಗೆ ಮೈ ಉರಿಯಿತು. ಯಾರಿವಳು, ನನ್ನ ಹುಡುಗನನ್ನು 'ನೀನು' ಎನ್ನುವವಳು?

ಇಡೀ ತೆಕ್ಕಟ್ಟೆಯ ಶುಗರು, ಬಿ.ಪಿ., ಗ್ಯಾಸು ಅವಳ ಕೈ ದಾಟಿಯೇ ಹೋಗುತ್ತದೆ. ದಿನಕ್ಕೆ ಇನ್ನೂರು ಕವರಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬರೆದು ಕೊಡುತ್ತಾಳೆ. ಅವಳ ಹುಡುಗ ಮಾತ್ರ ಬೇರೆ ಅಂಗಡಿಯ ಗಿರಾಕಿ.

"ಎಂತ ಮಾತ್ರಿ ಇದ್?" ಚಾ ಹಿಡಿದು ಬಂದವನನ್ನು ಕೇಳಿದಳು.

ರತನ್‌ನ ಕಣ್ಣು ಡಬ್ಬಿಗೆ ಹೋಯಿತು, ಅವಳ ಮುಖಕ್ಕೆ ಬಂತು, ಮಳೆಗೆ ಹೋಯಿತು. "ವಿಟಮಿನ್."

"ಯಾರ್ ಕೊಟ್ಟದ್?"

"ಹೀಂಗೆ ಒಬ್ರ್." ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. "ಚಾ ತಣೀತ್ ಕಾಣ್."

ಲೋಕದ ವಿಟಮಿನ್ನುಗಳನ್ನೆಲ್ಲ ಬಣ್ಣ ನೋಡಿ ಗುರುತಿಸುವವಳ ಎದುರು ಇಂಥ ಸುಳ್ಳು! ಧನ್ಯಶ್ರೀ ಚಾ ಕುಡಿದಳು. ಸಕ್ಕರೆ ಜಾಸ್ತಿಯಾಗಿದ್ದರೂ ಬಾಯಿ ಕಹಿಯಾಯಿತು.

ಇವರಿಬ್ಬರ ಕತೆ ಶುರುವಾದದ್ದು ಇದೇ ಕೌಂಟರಿನಲ್ಲಿ. ನಾಲ್ಕು ವರ್ಷದ ಹಿಂದೆ ಬೋಟಿನ ಹಗ್ಗಕ್ಕೆ ಬೆರಳು ಸಿಕ್ಕಿ, ಹೊಲಿಗೆ ಹಾಕಿಸಿಕೊಂಡು ಬಂದಿದ್ದ ರತನ್. ಐದು ದಿನದ ಮಾತ್ರೆಯನ್ನು ಮೊದಲು ಬಸ್ಸಿನಲ್ಲಿ ಬಿಟ್ಟ. ಮತ್ತೆ ಕೊಂಡು ಹೋದದ್ದನ್ನು ಜೇಬಿನಲ್ಲಿಟ್ಟು ಅಂಗಿಯನ್ನೇ ಒಗೆಯಲು ಹಾಕಿದ. ಮೂರನೆಯದು ಎಲ್ಲಿಟ್ಟೆ ಎಂದೇ ಗೊತ್ತಿಲ್ಲ ಎಂದ. ನಾಲ್ಕನೇ ಸಲ ಬಂದಾಗ ಧನ್ಯಶ್ರೀ ಸಿಟ್ಟಿನಲ್ಲಿ ಕವರಿನ ಮೇಲೆ ಏನೋ ಗೀಚಿ ಅವನ ಮುಂದೆ ತಳ್ಳಿದ್ದಳು. ಅವನು ಅದನ್ನು ಓದಿ, ಅವಳ ಮುಖ ನೋಡಿ ನಕ್ಕಿದ್ದ. ಆ ನಗೆಗೆ ಅವಳು ಬಿದ್ದಳು.

ಸಮುದ್ರದ ಮೇಲೆ ಅವನಷ್ಟು ಚುರುಕಿನ ಕಣ್ಣು ಗಂಗೊಳ್ಳಿ ಬಂದರಿನಲ್ಲಿ ಇನ್ನೊಬ್ಬನಿಗಿಲ್ಲ. ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟಿನ ತುದಿಯಲ್ಲಿ ನಿಂತರೆ ನೀರಿನ ಬಣ್ಣ ಬದಲಾದದ್ದು, ಹಕ್ಕಿ ದಿಕ್ಕು ತಿರುಗಿಸಿದ್ದು, ಬಂಗುಡೆಯ ಹಿಂಡು ಬೆನ್ನು ಹೊರಳಿಸಿದ್ದು, ಎಲ್ಲವೂ ಅವನಿಗೆ ಒಟ್ಟಿಗೆ ಕಾಣುತ್ತಿತ್ತು. "ಬಲಿ ಬಿಡಿ" ಎಂದು ಅವನು ಕೂಗಿದರೆ ಬೋಟಿನವರು ಎರಡನೇ ಮಾತು ಆಡುತ್ತಿರಲಿಲ್ಲ.

ದಡಕ್ಕೆ ಬಂದರೆ ಅದೇ ಮನುಷ್ಯ ನೀರಿನಿಂದ ತೆಗೆದ ಮೀನು. ಬೀಗದ ಕೈ ಮರೆಯುತ್ತಾನೆ, ಮಾತಿನ ಮಧ್ಯೆ ಎದ್ದು ಹೋಗುತ್ತಾನೆ, ಆರು ಗಂಟೆಗೆ ಬರುತ್ತೇನೆಂದು ಹೇಳಿ ಮರುದಿನ ಬರುತ್ತಾನೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ, ಮೀನುಗಾರಿಕೆ ನಿಷೇಧದಿಂದ ಬೋಟು ಇಳಿಯದ ಆ ಅರವತ್ತೊಂದು ದಿನ, ಅವನ ಪಾಲಿಗೆ ಯಾವತ್ತೂ ಬಾರಿನ ಬೆಂಚಿನ ಮೇಲೆಯೇ ಕಳೆದದ್ದು. ಹೋದ ವರ್ಷ ಹಾಡಹಗಲು ಕೋಟದ ಬಸ್‌ಸ್ಟ್ಯಾಂಡಿನಲ್ಲಿ ಕುಡಿದು ಬಿದ್ದವನನ್ನು ಕಂಡದ್ದು ಬೇರೆ ಯಾರೂ ಅಲ್ಲ, ಮೀನಿನ ಬುಟ್ಟಿ ಹೊತ್ತು ಬಸ್ಸಿಗೆ ಕಾಯುತ್ತಿದ್ದ ಧನ್ಯಶ್ರೀಯ ತಾಯಿ ವನಜ.

ಗಂಡ ಸುಬ್ಬನನ್ನು ಕುಡಿತಕ್ಕೇ ಕಳೆದುಕೊಂಡಿದ್ದ ವನಜ ಮಗಳ ಮದುವೆಗೆ ಒಂದೇ ಷರತ್ತು ಹಾಕಿದಳು. "ಬಪ್ಪ ಮಳಿಗಾಲ ಒಂದ್ ಹನಿ ಮುಟ್ಟದೆ ಕಳೀಲಿ. ಮತ್ತೆ ಮದಿ ಮಾತ್ ಆಡುವ. ಇಲ್ದಿರೆ ಅವ್ನ ಹೆಸ್ರ್ ಈ ಮನಿಯಗೆ ಎತ್ಬ್ಯಾಡ" ಎಂದಳು.

ಈಗ ಆ ಮಳೆಗಾಲ ನಡೆಯುತ್ತಿತ್ತು. ಧನ್ಯಶ್ರೀ ಅಂಗಡಿಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸಣ್ಣ ಚುಕ್ಕೆ ಇಡುತ್ತಿದ್ದಳು. ಹದಿನೆಂಟು ಚುಕ್ಕೆ ಆಗಿತ್ತು. ಕುಡಿತದ ವಾಸನೆ ಇಲ್ಲವೇ ಎಂದು ನೋಡಲು ಮೂಗು ತೆರೆದಿಟ್ಟುಕೊಂಡಿದ್ದವಳಿಗೆ ಹೆಣ್ಣಿನ ವಾಸನೆ ಬಂದಿತ್ತು.

ಆ ವಾಸನೆಗೆ ಗಾಳಿ ಹಾಕಿದ್ದು ಕೋಟದ ಪಂಕಜಾಕ್ಷಿ ಅಮ್ಮ. ತೆಕ್ಕಟ್ಟೆಯ ಮಗಳ ಮನೆಗೆ ಬಂದಾಗಲೆಲ್ಲ ಬಿ.ಪಿ. ಮಾತ್ರೆಗೆ ಇಲ್ಲಿಗೇ ಬರುವವರು. ಮಾತ್ರೆ ಕೊಳ್ಳುವುದು ಎರಡು ನಿಮಿಷ, ಸುದ್ದಿ ಹೇಳುವುದು ಇಪ್ಪತ್ತು ನಿಮಿಷ.

"ನಿನ್ನ ಬೋಟಿನ ಹುಡ್ಗನ್ನ ಮೊನ್ನೆ ಬ್ರಹ್ಮಾವರದಗೆ ಕಂಡೆ ಮಾರಾಯ್ತಿ."

"ಹೌದಾ ಅಮ್ಮ?"

"ಒಂದ್ ಹೆಣ್ಣಿನೊಟ್ಟಿಗೆ. ಲಾಯಕ್ ಇತ್ತ್ ಹೆಣ್ಣ್, ಬೆಳಿ ಬೆಳಿ. ಆ ಮಳಿಯಗೆ ಇಬ್ರಿಗೂ ಒಂದೇ ಕೊಡಿ. ನೆಗಿ ಆಡ್ಕಂಡ್ ಬಪ್ಪುದ್ ಕಂಡ್ರೆ..." ಪಂಕಜಾಕ್ಷಿ ಅಮ್ಮ ವಾಕ್ಯವನ್ನು ಮುಗಿಸದೆ ಹುಬ್ಬು ಹಾರಿಸಿದರು.

"ನಿಮ್ಗೆ ಹದಿನೈದ್ ಮಾತ್ರಿಯಾ, ಮೂವತ್ತಾ?" ಧನ್ಯಶ್ರೀಯ ದನಿ ತಣ್ಣಗಿತ್ತು. ಕವರಿನ ಮೇಲೆ ಬರೆಯುವಾಗ ಮಾತ್ರ ಪೆನ್ನು ಕಾಗದವನ್ನು ಹರಿದು ಆಚೆ ಬಂತು.

ಆ ಭಾನುವಾರ ಕುಂದಾಪುರದ ಕೋಡಿಗೆ ಹೋದಳು. ಅಲ್ಲಿಯ ಶೆಡ್ಡಿನಲ್ಲಿ ರತನ್ ಬಲೆ ಸರಿಮಾಡುತ್ತಾ ಕುಳಿತಿದ್ದ. ಅವಳು ಎದುರಿಗೆ ಹಗ್ಗದ ಸುರುಳಿಯ ಮೇಲೆ ಕುಳಿತಳು. ಹರಿದ ಕಣ್ಣಿಗೆ ನೂಲು ಹೋಗುತ್ತಿತ್ತು, ಗಂಟು ಬೀಳುತ್ತಿತ್ತು, ಮತ್ತೊಂದು ಕಣ್ಣು. ನಡುನಡುವೆ ಅವನು ತಲೆಯೆತ್ತದೆ ಬರೀ ರೆಪ್ಪೆ ಎತ್ತಿ ಅವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದರೆ ತುಟಿಯ ಮೂಲೆಯಲ್ಲಿ ನಕ್ಕು ಮತ್ತೆ ಬಲೆಗೆ ಹೋಗುತ್ತಿದ್ದ.

"ಎಂತ ಹಾಂಗ್ ಕಾಣ್ತಿ?" ಎಂದ.

"ಒಂದ್ ಗಂಟಿ ಆಯ್ತ್. ನೀನ್ ಒಂದ್ ಸಲವೂ ಎದ್ದ್ ಹೋಯ್ಲಿಲ್ಲೆ."

"ನೀನ್ ಎದ್ರ್ ಕೂಕಂಡಿರೆ ಎಂತಕ್ಕೆ ಹೋಪುದ್?"

"ನಾಲ್ಕ್ ವರ್ಷದಿಂದ ಎದ್ರೇ ಕೂಕಂಡಿದೆ ನಾನ್."

ಅವನು ಮತ್ತೊಂದು ಗಂಟು ಬಿಗಿದ. ಅವನ ಈ ನೆಮ್ಮದಿ ನೋಡಿ ಸಂತೋಷಪಡಬೇಕಾದವಳಿಗೆ ಅದರ ಮೇಲೂ ಅಸೂಯೆಯಾಯಿತು. ತಾನು ಅತ್ತು, ಬೈದು, ಆಣೆ ಹಾಕಿಸಿಯೂ ಕೂರಿಸಲಾಗದವನನ್ನು ಯಾರು ಕೂರಿಸಿದರು? ಹೊರಗೆ ನಿಂತ ಬೈಕಿನ ಟ್ಯಾಂಕಿನ ಮೇಲೂ ಅದೇ ದುಂಡು ಅಕ್ಷರದ ಚೀಟಿ ಇತ್ತು. "ಬೀಗ. ಪರ್ಸು. ಹೆಲ್ಮೆಟ್." ಊಟದ ಡಬ್ಬಿಯ ಮೇಲೂ ಒಂದು. ಎಲ್ಲಾ ಕಡೆ ಕೈ ಆಡಿಸಿಬಿಟ್ಟಿದ್ದಾಳೆ ಮಹಾರಾಯ್ತಿ!

ಅಷ್ಟರಲ್ಲಿ ಅವನ ಫೋನಿನ ಅಲಾರಂ ಬಡಿಯಿತು. ಒಂದು ಗಂಟೆ ಹತ್ತು ನಿಮಿಷ. ಪರದೆಯ ಮೇಲೆ 'ಧನ್ಯ' ಎಂದಿತ್ತು.

ಈಗೊಂದು ತಿಂಗಳಿಂದ ದಿನಾ ಒಂದು ಹತ್ತಕ್ಕೆ ಅವನ ಫೋನ್ ಬರುತ್ತಿತ್ತು. "ಉಂಡ್ಯಾ?" ಎಂದು ಕೇಳುತ್ತಿದ್ದ. ಅಂತೂ ಸುಧಾರಿಸಿದ ಎಂದು ಅವಳು ಒಳಗೊಳಗೇ ಉಬ್ಬಿದ್ದಳು.

"ನನ್ನ ನೆನ್ಪ್ ಮಾಡ್ಕಂಬುಕೆ ನಿಂಗೆ ಅಲಾರಂ ಬೇಕಾ?"

ರತನ್ ಬಾಯಿ ತೆರೆದ. ಅದೇ ಹೊತ್ತಿಗೆ ಫೋನ್ ಕೂಗಿತು. 'ಸಿಂಚನಾ ಮೇಡಂ.' ಅವನು ಎದ್ದ. ಒಂದು ಗಂಟೆ ಅಲ್ಲಾಡದವನು ಈಗ ಎದ್ದು, ಶೆಡ್ಡಿನ ಆಚೆ ಮಳೆಯಲ್ಲೇ ನಿಂತು, ತಗ್ಗಿದ ದನಿಯಲ್ಲಿ ಹತ್ತು ನಿಮಿಷ ಮಾತಾಡಿದ. ನನಗೆ ಅಲಾರಂ ಬೇಕು, ಆ ಮೇಡಮ್ಮಿಗೆ ಬೇಡ. ಧನ್ಯಶ್ರೀ ಕೊಡೆ ಬಿಡಿಸಿ ಹೊರಟೇಬಿಟ್ಟಳು.

ಅದರ ಮುಂದಿನ ಎರಡು ವಾರ ಅವನ ಮಾತಿಗೆಲ್ಲ ಹೂಂ, ಊಹೂಂ ಎಂದು ದಿನ ದೂಡಿದಳು. ಕೊನೆಗೊಂದು ಗುರುವಾರ, ಕ್ಯಾಲೆಂಡರಿನಲ್ಲಿ ನಲವತ್ತನೆಯ ಚುಕ್ಕೆ ಇಟ್ಟು, ಅಂಗಡಿ ಯಜಮಾನ ದಿನಕರಣ್ಣನ ಹತ್ತಿರ ತಲೆನೋವು ಎಂದು ರಜೆ ಕೇಳಿ ಬ್ರಹ್ಮಾವರದ ಬಸ್ಸು ಹತ್ತಿದಳು. ಪಂಕಜಾಕ್ಷಿ ಅಮ್ಮ ಅವನನ್ನು ಕಂಡದ್ದೂ ಗುರುವಾರವೇ. ಕೋಟ ದಾಟಿತು, ಸಾಲಿಗ್ರಾಮ ದಾಟಿತು, ಅವಳ ಬಾಯಲ್ಲಿ ಆಡಬೇಕಾದ ಮಾತುಗಳು ಸಾಲುಗಟ್ಟಿ ನಿಂತವು. ಕಂಡಕ್ಟರ್ ಚಿಲ್ಲರೆ ಕೊಡಲು ಮರೆತರೆ ಅವನಿಗೂ ಎರಡು ಬಿದ್ದವು.

ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹೆಚ್ಚು ಹುಡುಕಬೇಕಾಗಲಿಲ್ಲ. ಒಂದು ಕೊಡೆ, ಎರಡು ಜನ. ಕೊಡೆ ಹಿಡಿದದ್ದು ಅವಳು, ಕೈ ಬೀಸಿ ಏನೋ ವಿವರಿಸುತ್ತಿದ್ದವನು ಇವನು. ಇಬ್ಬರೂ ಒಂದು ಕಟ್ಟಡದ ಮೆಟ್ಟಿಲು ಹತ್ತಿದರು. ಧನ್ಯಶ್ರೀ ಹಿಂದೆಯೇ ಹತ್ತಿ, ಅರ್ಧ ತೆರೆದ ಬಾಗಿಲನ್ನು ಪೂರ್ತಿ ತೆರೆದಳು.

"ವಿಟಮಿನ್ ಕೊಡೂದ್ ಇವ್ಳಾ?"

ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ. ಗೋಡೆಯ ಮೇಲೆ ಮಿದುಳಿನ ಚಿತ್ರ. ಬಾಗಿಲಿಗೆ ಅಂಟಿಸಿದ್ದ ಹಲಗೆಯನ್ನು ಅವಳು ಆಗ ಓದಿದಳು. 'ಸಿಂಚನಾ, ಆಪ್ತ ಸಮಾಲೋಚಕಿ. ಮನೋವೈದ್ಯರ ಭೇಟಿ ಗುರುವಾರ ಮಾತ್ರ.'

ಓದಿ ಆದ ಮೇಲೆ ಕಾಲಡಿಯ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಂದ ಸಿಟ್ಟನ್ನು ಎಲ್ಲಿ ಇಡುವುದೆಂದು ಗೊತ್ತಾಗಲಿಲ್ಲ.

"ನೀವು ಧನ್ಯಶ್ರೀ ಅಲ್ವಾ? ಕೂತ್ಕೊಳ್ಳಿ" ಎಂದಳು ಸಿಂಚನಾ. ಪಂಕಜಾಕ್ಷಿ ಅಮ್ಮ ಹೇಳಿದ್ದು ಸುಳ್ಳಲ್ಲ, ಹೆಣ್ಣು ಲಾಯಕ್ಕಾಗಿಯೇ ಇದ್ದಳು. "ಇವರ ವಿಷಯ ಇವರ ಒಪ್ಪಿಗೆ ಇಲ್ಲದೆ ನಾನು ಹೇಳುವ ಹಾಗಿಲ್ಲ. ರತನ್ ಅವರೇ, ಹೇಳಬಹುದಾ?"

ರತನ್ ತಲೆ ತಗ್ಗಿಸಿಯೇ ಹೂಂ ಎಂದ.

"ನಾಲ್ಕು ಗುರುವಾರ ಮಾತಾಡಿದ ಮೇಲೆ ಗೊತ್ತಾಯ್ತು, ಇವರಿಗಿರೋದಕ್ಕೆ ಎಡಿಎಚ್‌ಡಿ ಅಂತಾರೆ. ಗಮನ ಒಂದು ಕಡೆ ನಿಲ್ಲೋದಿಲ್ಲ, ಕೂತಲ್ಲಿ ಚಡಪಡಿಕೆ, ಯೋಚಿಸುವ ಮೊದಲೇ ಮಾಡಿ ಆಗಿರ್ತದೆ. ಸಣ್ಣವರಿರುವಾಗಲೇ ಇತ್ತು, ಶಾಲೆಯಲ್ಲಿ ಪೋಕರಿ ಅಂತ ಹೊಡೆದು ಬಿಟ್ಟಿದ್ದಾರೆ. ಹೀಗೆ ಬೆಳೆದವರು ಕುಡಿತಕ್ಕೆ ಬೀಳುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಎಲ್ಲರೂ ಬೀಳ್ತಾರೆ ಅಂತಲ್ಲ. ಬಿದ್ದವರಿಗೆ ಬರೀ ಕುಡಿಯಬೇಡ ಅಂದರೆ ಸಾಕಾಗೋದಿಲ್ಲ, ಹಿಂದಿರೋದನ್ನೂ ನೋಡಬೇಕು. ಡಾಕ್ಟರು ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡ್ತಾ ಇದ್ದಾರೆ."

"ನನ್ನ ತಲಿ ಒಳ್ಗೆ ಯಾವತ್ತೂ ಮೀನ್ ಹರಾಜಿನ ಹೊತ್ತಿನ ಬಂದ್ರ್ ಕಾಣ್" ಎಂದ ರತನ್, ಅವಳ ಕಡೆ ನೋಡದೆ. "ಹತ್ತ್ ಜನ ಒಟ್ಟಿಗೆ ಕೂಗ್ತ್ರ್. ಸಮುದ್ರಕ್ಕೆ ಹೋರೆ ಅಡ್ಡಿಲ್ಲೆ, ಅಲ್ಲ್ ಅದೇ ಬೇಕ್. ಮನಿಯಗೆ ಕೂಕಂಡ್ರೆ ತಡುಕಾತಿಲ್ಲೆ. ಎರಡ್ ಪೆಗ್ ಬಿದ್ರೆ ಮಾತ್ರ ಬಂದ್ರ್ ಖಾಲಿ ಆತಿತ್ತ್. ನಂಗೆ ಕುಡಿತದ ರುಚಿ ಬೇಕಿರ್ಲಿಲ್ಲೆ ಧನ್ಯ. ಆ ಮೌನ ಬೇಕಿದ್ದಿತ್ತ್."

ಎಂಥ ಮಾತು. ನಾಲ್ಕು ವರ್ಷದಲ್ಲಿ ಅವನು ಆಡಿದ ಅತಿ ಒಳ್ಳೆಯ ಮಾತು. ಆಡಿದ್ದು ಮಾತ್ರ ಇನ್ನೊಬ್ಬಳ ಕೋಣೆಯಲ್ಲಿ. ಎಡಿಎಚ್‌ಡಿ ಬಗ್ಗೆ ಅವಳ ಪಠ್ಯಪುಸ್ತಕದಲ್ಲೂ ಒಂದು ಪ್ಯಾರಾ ಇತ್ತು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು. ಕೌಂಟರಿನ ಎದುರು ನಾಲ್ಕು ವರ್ಷ ನಗುತ್ತಾ ನಿಂತದ್ದನ್ನು ಗುರುತಿಸಲಿಲ್ಲ. ಇವಳು ನಾಲ್ಕು ಗುರುವಾರದಲ್ಲಿ ಗುರುತಿಸಿದಳು. ಪ್ರೇಯಸಿ ಅಲ್ಲ ಎಂದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತು. ಅದು ಹೊಟ್ಟೆಯಿಂದ ಎದೆಗೆ ಏರಿತು.

ಎದ್ದು ಹೊರಟಳು. ರತನ್ ಮಳೆಯಲ್ಲೇ ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಬಂದ.

"ನಿಲ್ಲ್ ಮಾರಾಯ್ತಿ, ಮೇಡಂ ಅವ್ರ್..."

"ನಂಗೆ ಅವ್ರ್ ಮೇಲೆ ಸಿಟ್ಟಿಲ್ಲೆ." ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದಳು. ಕಣ್ಣು ತುಂಬಿತ್ತು. "ನಿನ್ನ ತಲಿ ಒಳ್ಗೆ ಅವ್ರಿಗೆ ಜಾಗ ಇತ್ತ್, ನಂಗೆ ಇಲ್ಲೆ. ನಾನ್ ಬರ್ದ್ ಕೊಟ್ರೆ ಕಳ್ಕಂತಿ, ಅವ್ರ್ ಬರ್ದ್ ಕೊಟ್ರೆ ಬೈಕಿಗೂ ಅಂಟ್ಸ್ಕಂತಿ. ಇನ್ನ್ ಬದ್ಕಿಡೀ ಅವ್ರೇ ಬರ್ದ್ ಕೊಡ್ಲಿ!"

"ಎಂತ ಬರ್ದದ್?" ರತನ್ ಕಣ್ಣು ಬಿಟ್ಟ. "ಅವ್ರ್ ಎಂತ ಬರ್ದ್ರ್?"

ಬಸ್ಸು ಹೊರಟಿತು.

ಶುಕ್ರವಾರ ಒಂದು ಹತ್ತಕ್ಕೆ ಫೋನ್ ಬಂತು, ಅವಳು ಎತ್ತಲಿಲ್ಲ. ಶನಿವಾರ ಬಂತು, ಎತ್ತಲಿಲ್ಲ. ಭಾನುವಾರ ಪೂರ್ತಿ ಬಡಿಯುವವರೆಗೂ ಕೈಯಲ್ಲಿ ಹಿಡಿದು ನೋಡುತ್ತಾ ಕುಳಿತಳು. ಅಲಾರಂ ಅಲ್ವಾ, ತಾನಾಗಿಯೇ ಬಡಿಯುತ್ತದೆ.

ಸೋಮವಾರ, ನಲವತ್ತನಾಲ್ಕನೆಯ ದಿನ, ಒಂದು ಹತ್ತಾಯಿತು. ಒಂದು ಹನ್ನೆರಡಾಯಿತು. ಫೋನ್ ಬರಲಿಲ್ಲ. ಎರಡು ಗಂಟೆಗೆ ಊಟ ಮುಗಿಸಿ ಬಂದ ದಿನಕರಣ್ಣ ಕೊಡೆ ಮಡಚುತ್ತಾ ತಗ್ಗಿದ ದನಿಯಲ್ಲಿ ಹೇಳಿದರು. "ಧನ್ಯ, ಹೇಳ್ಕಾ ಬ್ಯಾಡ್ದಾ ಗೊತ್ತಿಲ್ಲೆ. ನಾನ್ ಉಂಬುಕೆ ಹೋಪು ಹೊತ್ತಿಗೆ ರತನ್ ಬೈಕ್ ಕೋಟದ ಹತ್ರ ಬಾರಿನ ಎದ್ರ್ ಇದ್ದಿತ್ತ್."

ಧನ್ಯಶ್ರೀ ಕ್ಯಾಲೆಂಡರಿನ ಕಡೆ ತಿರುಗಿದಳು. ನಲವತ್ತನಾಲ್ಕನೆಯ ಚುಕ್ಕೆಯನ್ನು ಬೆಳಿಗ್ಗೆಯೇ ಇಟ್ಟಾಗಿತ್ತು. ಅಮ್ಮನ ಮುಖ ಕಣ್ಣ ಮುಂದೆ ಬಂತು. ಅಂಥ ಹೊತ್ತಿನಲ್ಲೂ, ಹೇಳಲು ನಾಚಿಕೆ, ಅವಳಿಗೆ ಮೊದಲು ಹೊಳೆದದ್ದು ಒಂದೇ ಮಾತು. ಬಾರಿಗೆ ಹೋಗುವ ಮೊದಲು ಅವನು ಸಿಂಚನಾಗೆ ಫೋನ್ ಮಾಡಿರಬಹುದು. ನನಗೆ ಮಾಡಲಿಲ್ಲ. ಆಮೇಲೆ ನೆನಪಾಯಿತು. ಮೂರು ದಿನ ಮಾಡಿದ್ದ, ಎತ್ತದೇ ಇದ್ದವಳು ತಾನೇ.

ಮಂಗಳವಾರ ಮಧ್ಯಾಹ್ನ, ಒಂದು ಗಂಟೆಗೆ ಇನ್ನೂ ಹತ್ತು ನಿಮಿಷ. ಅಂಗಡಿ ತುಂಬ ಜನ. ಪಂಕಜಾಕ್ಷಿ ಅಮ್ಮ ಸ್ಟೂಲಿನ ಮೇಲೆ ಕುಳಿತು ಯಾರದೋ ಮಗಳ ಸುದ್ದಿ ಹೇಳುತ್ತಿದ್ದರು. ಮೀನು ಮಾರಿ ಬಂದ ವನಜ ಖಾಲಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಮಗಳಿಗೆ ಊಟದ ಡಬ್ಬಿ ಕೊಡುತ್ತಿದ್ದಳು. ಆಗ ಬೈಕ್ ಬಂದು ನಿಂತಿತು.

ರತನ್ ಗಡ್ಡ ಬೋಳಿಸಿಕೊಂಡಿದ್ದ. ಕಣ್ಣು ಕೆಂಪಗಿತ್ತು, ಕಾಲು ನೆಟ್ಟಗಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಬಂದು ಡಾಕ್ಟರ ಚೀಟಿಯನ್ನು ಕೌಂಟರಿನ ಮೇಲಿಟ್ಟ.

"ಹ್ವಾಯ್, ಈ ಮದ್ದ್ ಇತ್ತಾ?"

ಎಲ್ಲರ ಕಿವಿ ನೆಟ್ಟಗಾಯಿತು. ಧನ್ಯಶ್ರೀ ಚೀಟಿ ನೋಡಿದಳು. ಹಿಂದಕ್ಕೆ ತಳ್ಳಿದಳು. "ಬ್ರಹ್ಮಾವರದಗೆ ಸಿಕ್ಕತ್ತಲ್ದಾ?"

"ಸಿಕ್ಕತ್ತ್. ಇನ್ನ್ ಇಲ್ಲೇ ತಕಂಬುದ್ ಅಂದೇಳಿ."

"ಇಷ್ಟ್ ದಿನ ಎಂತ ಆಯಿತ್?"

"ನಿನ್ನ ಎದ್ರ್ ಯಾವತ್ತೂ ಹತ್ತ್ ಜನ ಇರ್ತ್ರ್. ಧನ್ಯನ ಹುಡ್ಗ ತಲಿ ಸಮ ಇಲ್ದಿದ್ದ್ಕೆ ಮದ್ದ್ ತಿಂತ ಅಂದೇಳಿ ಅವ್ರ್ ನಿಂಗೆ ಹೇಳೂದ್ ಬ್ಯಾಡ ಅಂದೇಳಿ." ಚೀಟಿಯನ್ನು ಮತ್ತೆ ಅವಳ ಕಡೆ ಸರಿಸಿದ. "ಮತ್ತೆ, ನೀನ್ ನನ್ನನ್ನ ಪೇಶೆಂಟ್ ಕಂಡ್ ಹಾಂಗೆ ಕಂಡ್ರೆ ಅಂದೇಳಿ ಹೆದ್ರಿಕಿ."

ಆಮೇಲೆ ಅವನು ವನಜಳ ಕಡೆ ತಿರುಗಿದ. "ವನಜಕ್ಕ, ನಿಮ್ಗೊಂದ್ ಮಾತ್ ಹೇಳ್ಕ್. ನಿನ್ನೆ ನಾನ್ ಬಾರಿಗೆ ಹೋಯಿದೆ. ಕ್ವಾರ್ಟರ್ ಹೇಳ್ದೆ. ಒಂದ್ ಗುಟ್ಕ್ ಕುಡ್ದೆ. ಒಂದ್ ಹತ್ತಕ್ಕೆ ಅಲಾರಂ ಬಡಿತ್, ಧನ್ಯ ಅಂದೇಳಿ. ಗ್ಲಾಸ್ ಅಲ್ಲೇ ಬಿಟ್ಟ್ ಎದ್ದ್ ಬಂದೆ. ಧನ್ಯಂಗೆ ಫೋನ್ ಮಾಡುಕೆ ಮುಖ ಇರ್ಲಿಲ್ಲೆ. ಸೀದಾ ಬ್ರಹ್ಮಾವರಕ್ಕೆ ಹೋಯಿ ಮೇಡಂ ಹತ್ರ ಹೇಳ್ದೆ. ಅವ್ರ್, 'ಇನ್ನೂ ಹೇಳಬೇಕಾದವರು ಇದ್ದಾರಲ್ಲ' ಅಂದ್ರ್. ಧನ್ಯ ಸಿಟ್ ಮಾಡ್ದದ್ಕೆ ಕುಡ್ದದ್ದಲ್ಲ, ಅದ್ ನಂದೇ ತಪ್ಪ್. ನಿಮ್ಮ ಮಾತ್ ನಾನ್ ಉಳ್ಸ್ಕಂಬ್ಲಿಲ್ಲೆ."

ಒಂದು ಗುಟುಕು. ಅವನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇನ್ನು ಹದಿನಾರು ದಿನ ಕಳೆದರೆ ಅರವತ್ತೊಂದಾಗುತ್ತಿತ್ತು. ಧನ್ಯಶ್ರೀ ಅಮ್ಮನನ್ನು ನೋಡಿದಳು.

ವನಜ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಇದ್ರ ಅಪ್ಪ ಮೂವತ್ತ್ ವರ್ಷ ಕುಡ್ದ. ಬಾಯಿ ನಾರ್ತಿದ್ರೂ ಕುಡಿಲಿಲ್ಲೆ ಅಂದೇಳಿಯೇ ಹೇಳ್ತಿದ್ದ. 'ಕುಡ್ದೆ' ಅಂದೇಳಿ ನನ್ನ ಎದ್ರ್ ನಿಂತ್ ಹೇಳ್ದ ಮೊದ್ಲ್ ಗಂಡ್ಸ್ ನೀನ್." ಬುಟ್ಟಿ ಎತ್ತಿಕೊಂಡಳು. "ಆಸಾಡಿ ಕಳೀಲಿ. ನಿಮ್ಮನಿಯವ್ರನ್ನ ಕರ್ಕಂಡ್ ಬಾ. ಆ ಮೇಡಂ ಹತ್ರ ಹೋಪುದ್ ಮಾತ್ರ ಬಿಡ್ಬ್ಯಾಡ."

"ಹಾಂಗಾರೆ ಮದಿ ಊಟ ಯಾವಾಗ?" ಎಂದರು ಪಂಕಜಾಕ್ಷಿ ಅಮ್ಮ.

ಧನ್ಯಶ್ರೀಯ ಕಣ್ಣಿಂದ ನೀರು ಇಳಿಯುತ್ತಿತ್ತು. ಆದರೆ ಅವಳು ಅವಳೇ. ಅಳುವಿನ ನಡುವೆಯೂ ಎದೆಗೆ ಚುಚ್ಚಿದ ಮುಳ್ಳನ್ನು ತೆಗೆಯದೆ ಬಿಡುವವಳಲ್ಲ.

"ಎಲ್ಲಾ ಸಮ. ಆ ಚೀಟಿ ಎಲ್ಲಾ ಬರ್ದದ್ ಯಾರ್?"

"ಅದನ್ನೇ ಕೇಂಬುಕೆ ಬಸ್ಸಿನ ಹಿಂದೆ ಓಡ್ದೆ ಮಾರಾಯ್ತಿ!" ರತನ್ ಅಂಗಿಯೊಳಗಿಂದ ಎರಡು ಗೆರೆಯ ಕಾಪಿ ಪುಸ್ತಕವೊಂದನ್ನು ತೆಗೆದ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ. "ಗಮನ ನಿಲ್ಲುಕೆ ದಿನಾ ಒಂದ್ ಪುಟ ನಿಧಾನ ಬರೀಕ್ ಅಂದ್ರ್ ಮೇಡಂ. 'ಇವತ್ತು ಒಂದೇ ದಿನ' ಅಂದ್ರೆ ಇವತ್ತ್ ಒಂದ್ ದಿನ ಕುಡೀದೇ ಇಪ್ಪುದ್ ಅಂದೇಳಿ."

ಮೊದಲ ಪುಟಗಳಲ್ಲಿ ಏಡಿ ಓಡಿತ್ತು. ಹತ್ತನೆಯ ಪುಟಕ್ಕೆ ಏಡಿ ನಡೆಯತೊಡಗಿತ್ತು. ಇಪ್ಪತ್ತನೆಯದರಲ್ಲಿ ಅಕ್ಷರ ದುಂಡಗಾಗಿ ಗೆರೆಯ ಮೇಲೆ ಕುಳಿತಿತ್ತು, 'ಳಿ'ಯ ಬಾಲ ಸಮೇತ. ಪುಟಪುಟದಲ್ಲೂ ಅದೇ ವಾಕ್ಯ. "ಬೆಳಿಗ್ಗೆ ತಿಂಡಿ ತಿಂದ ಮೇಲೆ. ಮರೆಯಬೇಡ."

"ನೀನೇ ಬರ್ದದ್ದಾ? ಇಷ್ಟ್ ಲಾಯಕ್? ಈ ಬಾಲ ಯಾರ್ ಕಲ್ಸಿದ್?"

ರತನ್ ಪುಸ್ತಕದ ಕೊನೆಯ ಪುಟ ತೆರೆದ. ಅಲ್ಲಿ ಹಳದಿ ಹಿಡಿದ ಒಂದು ಮಾತ್ರೆಯ ಕವರು ಅಂಟಿಸಿತ್ತು. ಮೂಲೆಯಲ್ಲಿ ಇದೇ ಅಂಗಡಿಯ ಸೀಲು. ಮೇಲೆ ಸಿಟ್ಟಿನಲ್ಲಿ ಗೀಚಿದ ಅಕ್ಷರ, ಅಡ್ಡಾದಿಡ್ಡಿ. 'ಳಿ'ಯ ಕೆಳಗೆ ಕೊಂಕಿದ ಬಾಲ.

ಧನ್ಯಶ್ರೀ ಪಕ್ಕದಲ್ಲಿ ಈಗಷ್ಟೇ ಬರೆದಿಟ್ಟಿದ್ದ ಪಂಕಜಾಕ್ಷಿ ಅಮ್ಮನ ಕವರನ್ನು ನೋಡಿದಳು. ಅದೇ ಬಾಲ. ದಿನಕ್ಕೆ ಇನ್ನೂರು ಸಲ ಎಳೆದ ಬಾಲವನ್ನು ಒಂದು ಸಲವೂ ನೋಡಿರಲಿಲ್ಲ. ಇಷ್ಟು ದಿನ ಶಾಪ ಹಾಕಿದ್ದು ತನ್ನದೇ ಕೈಗೆ.

"ಎಂತ ಬರಿಯೂದ್ ಗೊತ್ತಾಯ್ಲಿಲ್ಲೆ. ಇದನ್ನೇ ಕಂಡ್ ಕಂಡ್ ಬರ್ದೆ" ಎಂದ ರತನ್. "ಊರಿಗೆಲ್ಲಾ 'ಮರೆಯಬೇಡಿ' ಅಂದೇಳಿ ಬರಿತಿ. ನಂಗೊಬ್ನಿಗೆ 'ಮರೆಯಬೇಡ' ಅಂದೇಳಿ ಬರ್ದ್ ಕೊಟ್ಟಿದ್ದೆ. ಈ ನಾಲ್ಕ್ ವರ್ಷದಗೆ ನಾನ್ ಎಂತೆಲ್ಲಾ ಕಳ್ಕಂಡಿದೆ ನಿಂಗೆ ಗೊತ್ತಿತ್ತಲ್ದಾ? ಇದೊಂದ್ ಕಳ್ಕಣ್ಲಿಲ್ಲೆ."

ಅವಳು ಡಾಕ್ಟರ ಚೀಟಿಯನ್ನು ಮತ್ತೆ ಓದಿದಳು. "ಈ ಮದ್ದ್ ತರ್ಸ್ಕ್. ನಾಡಿದ್ದ್ ಬತ್ತ್" ಎಂದಳು. ಖಾಲಿ ಕವರು ತೆಗೆದು ಪೆನ್ನು ಬಿಚ್ಚಿ, ಮೊದಲ ಸಲ ನಿಧಾನವಾಗಿ, ಬಾಲಕ್ಕೊಂದು ಒನಪು ಕೊಟ್ಟು ಬರೆದಳು. "ಬೆಳಿಗ್ಗೆ ತಿಂಡಿ ತಿಂದ ಮೇಲೆ. ಮರೆಯಬೇಡ." ಕೆಳಗೆ ಇನ್ನೊಂದು ಸಾಲು ಸೇರಿಸಿದಳು. "ಗುರುವಾರ ನಾನೂ ಬತ್ತೆ. ಮಳಿಯಗೆ ಕೊಡಿ ನಾನ್ ಹಿಡಿತೆ."

ರತನ್ ಓದಿದ. ಅವಳ ಮುಖ ನೋಡಿದ. ನಾಲ್ಕು ವರ್ಷದ ಹಿಂದಿನ ಅದೇ ನಗೆ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಅಲಾರಂ ಬಡಿಯಿತು. ಒಂದು ಹತ್ತು.

"ಅಲಾರಂ ಎಂತಕ್ಕೆ ಅಂದೇಳಿ ಕೇಂಡಿದ್ದೆ ಅಲ್ದಾ?" ಅವನ ದನಿ ತಗ್ಗಿತು. "ದಿನ ಇಡೀ ತಲಿ ಒಳ್ಗೆ ನಿನ್ನತ್ರವೇ ಮಾತಾಡ್ತಾ ಇರ್ತೆ. ಫೋನ್ ಮಾಡಿ ಆಯ್ತ್ ಅಂದೇಳಿಯೇ ಅನ್ಸತ್ತ್. ಮಾಡ್ಲಿಲ್ಲೆ ಅಂದೇಳಿ ನೆನ್ಪ್ ಮಾಡುಕೆ ಅದ್."

ಹೇಳಿದವನೇ ಫೋನ್ ತೆಗೆದು ಒತ್ತಿದ. ಕೌಂಟರಿನ ಈಚೆ ಅವಳ ಫೋನ್ ಕೂಗಿತು. ಒಂದು ಮೊಳ ದೂರದಲ್ಲಿ ನಿಂತವನ ಕಣ್ಣಲ್ಲೇ ಕಣ್ಣಿಟ್ಟು, ಇಡೀ ಅಂಗಡಿ ನೋಡುತ್ತಿರುವಂತೆಯೇ, ಧನ್ಯಶ್ರೀ ಎತ್ತಿ ಕಿವಿಗಿಟ್ಟಳು.

"ಉಂಡ್ಯಾ?" ಎಂದ ರತನ್.

"ಇಲ್ಲೆ" ಎಂದಳು, ಅಮ್ಮ ತಂದ ಡಬ್ಬಿಯನ್ನು ಅವನ ಕಡೆ ಸರಿಸುತ್ತಾ. "ಬಾ, ಒಟ್ಟಿಗೆ ಉಂಬ."